ರಂಗಮ್ಮನವರ ತಿರುವಿಗೆ ಅರುಣಾ ಹುಡುಕಿದ ಪರದೆ

ಕೆಂಪು ಸರಿಯಾಗಿದೆ. ಹಸಿರೂ ಸರಿ. ಈಗ ನೀಲಿ. ಅರುಣಾ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಮಾನಿಟರನ್ನು ಮೂಲೆಯಿಂದ ಮೂಲೆಗೆ ನೋಡುತ್ತಿದ್ದಾರೆ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ. ಎಲ್ಲಾದರೂ ಪರದೆಯ ಒಂದು ಚುಕ್ಕಿ ಬೆಳಗದೆ ಸತ್ತಿದ್ದರೆ ಇಲ್ಲೇ ಗೊತ್ತಾಗಬೇಕು. ಎಸ್ಟೇಟ್ ಮುಟ್ಟಿದ ಮೇಲೆ ಗೊತ್ತಾದರೆ ಮತ್ತೆ ಹೊತ್ತುಕೊಂಡು ಬರಬೇಕು. ಗೋಣಿಬೀಡಿನ ಬಸ್ ನಿಲ್ದಾಣದ ಎದುರಿಗಿರುವ ಒಂದೇ ಕೋಣೆಯ ಅಂಗಡಿ. ಷಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಪಕ್ಕದ ಹೋಟೆಲಿನವರು ನಿನ್ನೆಯ ಮಳೆಗೆ ನೆನೆದ ಬೆಂಚನ್ನು ಒರೆಸುತ್ತಿದ್ದಾರೆ.

ಬಿಳಿ ಬಣ್ಣದ ಪರೀಕ್ಷೆಯೂ ಮುಗಿಯುತ್ತದೆ. ಅರುಣಾ ಮಾನಿಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಎದೆಗವಚಿಕೊಂಡು ಮೊದಲ ಬಸ್ಸು ಹತ್ತುತ್ತಾರೆ. ಡಬ್ಬಿಯಲ್ಲಿ ಇಟ್ಟು ಲಗೇಜಿಗೆ ಹಾಕಿದರೆ ಘಟ್ಟದ ರಸ್ತೆಯ ಕುಲುಕಿಗೆ ಏನಾದರೂ ಆದೀತೆಂಬ ಭಯ. ಆದ್ದರಿಂದ ಅದು ಯಾವಾಗಲೂ ಅವರ ತೊಡೆಯ ಮೇಲೆ.

"ಅರುಣಕ್ಕ, ಮಗೂಗೆ ಹಾಫ್ ಟಿಕೆಟ್ ಕೊಡ್ಲಾ?" ಕಂಡಕ್ಟರ್ ಬೆಳ್ಳಿಯಪ್ಪ ಕೇಳುತ್ತಾನೆ.

"ಕೊಡು ಮಾರಾಯ. ಹಲ್ಲು ಬಂದಿಲ್ಲ ಇನ್ನೂ."

ಗೋಣಿಬೀಡು, ಮೂಡಿಗೆರೆ, ಜಾವಳಿ ಸುತ್ತಿನ ಮನೆಗಳಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಟ್ಟರೆ ಮೊದಲು ಫೋನು ಬರುವುದು ಅರುಣಾಗೆ. ಹರೆಯದಲ್ಲಿ ಟೈಪಿಂಗ್ ಕಲಿಸುವ ಕೆಲಸಕ್ಕೆ ಸೇರಿದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಅದು ಕೆಟ್ಟರೆ ಚಿಕ್ಕಮಗಳೂರಿನ ಮೆಕ್ಯಾನಿಕ್ಕಿಗೆ ಕಾಯಬೇಕಾಗುತ್ತಿತ್ತು. ಕಾದು ಬೇಸತ್ತು ಒಂದು ದಿನ ತಾವೇ ಸ್ಕ್ರೂ ಬಿಚ್ಚಿದರು. "ಒಳಗೆ ಇಷ್ಟು ದೂಳು. ಒರೆಸಿ ಮುಚ್ಚಿದೆ, ಶುರುವಾಯ್ತು. ನಾನೇ ರಿಪೇರಿ ಮಾಡ್ದೆ ಅಂತ ಎಲ್ರೂ ಅಂದ್ಕೊಂಡ್ರು, ನಾನೂ ಅಂದ್ಕೊಂಡೆ" ಎಂದು ನಗುತ್ತಾರೆ. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ಬಂದವರೆಲ್ಲ ಅವರ ಹಿಂದಿನ ಗೋಡೆಯ ಕಡೆ ನೋಡಿ "ಯಜಮಾನ್ರಿಲ್ವಾ?" ಎನ್ನುತ್ತಿದ್ದರು. ಯಜಮಾನರು ಯಶವಂತ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ತೂಕದ ಕೆಲಸದಲ್ಲಿದ್ದಾರೆ, ಮೌಸ್ ಹಿಡಿದವರಲ್ಲ. ಈಗಲೂ ಹೊಸಬರು ಕೇಳುತ್ತಾರೆ. "ಸಂಜೆಗೆ ಬರ್ತಾರೆ, ಅಲ್ಲಿವರೆಗೆ ನಾನು ನೋಡಿರ್ತೀನಿ ಅಂತೀನಿ. ಸಂಜೆ ಅವ್ರು ಬರೋದ್ರೊಳಗೆ ಕಂಪ್ಯೂಟರ್ ಮನೆಗೆ ಹೋಗಿರ್ತದೆ."

ಏಪ್ರಿಲ್‌ನಿಂದ ಅವರಿಗೆ ಪುರುಸೊತ್ತಿಲ್ಲ, ಸಿಡಿಲಿನ ಕಾಲ. ಗುಡುಗು ಕೇಳಿದೊಡನೆ ಈ ಕಡೆಯವರು ಮಾಡುವ ಮೊದಲ ಕೆಲಸ ಪ್ಲಗ್ ಕೀಳುವುದು. ಟಿವಿಯದು, ಫ್ರಿಜ್ಜಿನದು, ಮಿಕ್ಸಿಯದೂ ಸಹ. ಕೆಲವರು ಮೈನ್ ಸ್ವಿಚ್ಚನ್ನೇ ಕೆಳಗೆಳೆದು ಮೇಣದಬತ್ತಿ ಹಚ್ಚಿ ಕೂರುತ್ತಾರೆ. ಆದರೆ ಮರದಿಂದ ಮರಕ್ಕೆ ತೂಗಿಕೊಂಡು ಬಂದ ಇಂಟರ್ನೆಟ್ಟಿನ ತೆಳು ವೈರು ಯಾರ ನೆನಪಿಗೂ ಬರುವುದಿಲ್ಲ. ಅದರಲ್ಲಿ ಕರೆಂಟೇ ಇಲ್ಲವಲ್ಲ ಎಂಬ ಧೈರ್ಯ. ಸಿಡಿಲು ಆ ದಾರಿಯಲ್ಲೇ ಒಳಗೆ ಬರುತ್ತದೆ.

ಜಾವಳಿ ಹತ್ತಿರದ ಜಯದೇವಪ್ಪನವರ ಎಸ್ಟೇಟ್ ಮನೆಗೆ ಬಂದದ್ದೂ ಹಾಗೆಯೇ. ಕಂಪ್ಯೂಟರ್ ಹೇಗೋ ಉಳಿಯಿತು, ಮಾನಿಟರ್ ಉಳಿಯಲಿಲ್ಲ.

"ಒಂದು ತಂದು ಹಾಕು ಅರುಣಾ" ಎಂದರು ಅವರು ಫೋನಿನಲ್ಲಿ.

"ಯಾರು ಯೂಸ್ ಮಾಡೋದು ಸಾರ್?"

"ನಮ್ಮನೆಯವ್ರು."

ನಮ್ಮನೆಯವರು ಎಂದರೆ ಪತ್ನಿ ರಂಗಮ್ಮ, ಎಪ್ಪತ್ತರ ಹತ್ತಿರದವರು. ಅರುಣಾ ಹೆಚ್ಚು ಕೇಳಲಿಲ್ಲ. ಧಾರಾವಾಹಿ ನೋಡಲು, ಮದುವೆ ಫೋಟೋ ನೋಡಲು ಅಗಲವಾದ ಪರದೆ ಸಾಕು ಎಂದುಕೊಂಡರು. ಹೋದ ವಾರ ದೊಡ್ಡದೊಂದು ಸಾಮಾನ್ಯ ಮಾನಿಟರ್ ಒಯ್ದು ಜೋಡಿಸಿದರು. ಜೋಡಿಸುವಾಗ ಮೇಜಿಗೆ ಬಿಗಿದ ಸ್ಟೇರಿಂಗ್ ಚಕ್ರ ಕಂಡಿತು, ಕೆಳಗೆ ಪೆಡಲುಗಳು. ಚಿಕ್ಕಮಗಳೂರಿನಲ್ಲಿ ಓದುವ ಮೊಮ್ಮಗಳು ಕವನಾಳದ್ದು ಇರಬೇಕು ಎಂದುಕೊಂಡು ಪಕ್ಕಕ್ಕೆ ಸರಿಸಲು ಹೋದಾಗ ರಂಗಮ್ಮ ಊರುಗೋಲು ಊರಿಕೊಂಡು ಬಂದರು.

"ಅದನ್ನು ಮುಟ್ಬೇಡ. ಅದು ನಂದು."

ಮೂವತ್ತು ವರ್ಷ ಎಸ್ಟೇಟಿನ ಜೀಪು ಓಡಿಸಿದ ಕೈ ಅದು. ಕಾಫಿ ಮೂಟೆ ಹೇರಿಕೊಂಡು ಮೂಡಿಗೆರೆಗೆ, ಹೆರಿಗೆ ನೋವಿನ ಆಳು ಹೆಂಗಸರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಕಾಫಿ ಕಣದಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಜೀಪಿನ ಕೀಲಿಕೈಯನ್ನು ಮನೆಯವರು ಎತ್ತಿಟ್ಟರು. ಮಂಕಾಗಿ ಕೂತ ಅಜ್ಜಿಗೆ ಕವನಾ ತನ್ನ ಗೇಮಿಂಗ್ ಕಂಪ್ಯೂಟರನ್ನೇ ಬಿಟ್ಟುಕೊಟ್ಟು ಕಾರು ಓಡಿಸುವ ಆಟ ಹಾಕಿಕೊಟ್ಟಳು. ಅಂದಿನಿಂದ ಬೆಳಗಿನ ಕಾಫಿಯ ನಂತರ ರಂಗಮ್ಮ ಎಲ್ಲೆಲ್ಲಿನದೋ ಬೆಟ್ಟದ ರಸ್ತೆಗಳಲ್ಲಿ ಇರುತ್ತಾರೆ.

ಅರುಣಾ ತಂದ ಪರದೆಯ ಮುಂದೆ ಕೂತು ಎರಡು ತಿರುವು ತಿರುಗಿಸುವಷ್ಟರಲ್ಲಿ ರಂಗಮ್ಮ ಕಣ್ಣು ಮುಚ್ಚಿಕೊಂಡರು.

"ಇದು ಎಳೀತದೆ ಮಾರಾಯ್ತಿ. ನಾನು ತಿರುಗ್ಸಿದ ಮೇಲೆ ರಸ್ತೆ ಬರ್ತದೆ. ತಲೆ ಸುತ್ತು ಬರ್ತದೆ ನಂಗೆ."

"ವಯಸ್ಸಾಯ್ತಲ್ಲ, ಸುತ್ತದೆ ಏನು ಮಾಡ್ತದೆ" ಎಂದರು ಜಯದೇವಪ್ಪ, ಪೇಪರಿನ ಹಿಂದಿನಿಂದ.

"ಹಳೇದ್ರಲ್ಲಿ ಸುತ್ತಿರ್ಲಿಲ್ಲ. ಹದಿನೈದು ದಿನದಲ್ಲಿ ವಯಸ್ಸಾಯ್ತಾ ನಂಗೆ?"

ಅರುಣಾ ಹಳೆಯ ಮಾನಿಟರನ್ನು ತಿರುಗಿಸಿ ಬೆನ್ನಿನ ಚೀಟಿ ಓದಿದರು. ಅದು ವೇಗದ ಪರದೆ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸಿದರೆ ಇದು ಅದರ ಎರಡು ಪಟ್ಟಿಗಿಂತ ಹೆಚ್ಚು. ಮೊದಲೇ ಓದಬಹುದಿತ್ತು. ಓದಲಿಲ್ಲ, ಏಕೆಂದರೆ ಬಳಸುವವರು ವಯಸ್ಸಾದ ಹೆಂಗಸು ಎಂದು ಕೇಳಿದ್ದೇ ಸಾಕಾಗಿತ್ತು. ತಮ್ಮ ಹಿಂದಿನ ಗೋಡೆ ನೋಡಿ ಯಜಮಾನರನ್ನು ಹುಡುಕುವವರಿಗೂ ತಮಗೂ ಏನು ವ್ಯತ್ಯಾಸ? ಆ ದಿನ ವಾಪಸು ಬರುವ ಬಸ್ಸಿನಲ್ಲಿ ಅದೇ ಯೋಚನೆ. ಹೊರಡುವಾಗ ರಂಗಮ್ಮ ಹೇಳಿದ ಮಾತು ಬೇರೆ ಕುಟುಕುತ್ತಿತ್ತು: "ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸ್ಟೇರಿಂಗ್ ಅಟ್ಟಕ್ಕೆ ಹಾಕೋದೇ. ಇವ್ರಿಗೂ ನೆಮ್ಮದಿ."

ಈ ಬಾರಿ ಚಿಕ್ಕಮಗಳೂರಿನ ಹೋಲ್‌ಸೇಲ್ ಅಂಗಡಿಯಲ್ಲಿ ಅರುಣಾ ಅವಸರ ಮಾಡಲಿಲ್ಲ. ಅಂಗಡಿಯವರು ಬಿಲ್ಲಿನ ಹಾಗೆ ಬಾಗಿದ ದೊಡ್ಡ ಪರದೆ ತೋರಿಸಿದರು. ರಂಗಮ್ಮನವರ ಮೇಜು ಇಕ್ಕಟ್ಟು. ಅಷ್ಟು ಹತ್ತಿರದಿಂದ ಅದನ್ನು ನೋಡಲು ಕತ್ತು ಆಚೀಚೆ ತಿರುಗಬೇಕು. ಬೇಡವೆಂದರು. ಇನ್ನೊಂದು ಹಳೆಯದಕ್ಕಿಂತ ಬಹಳ ವೇಗದ್ದು, ಆದರೆ ಕವನಾಳ ಕಂಪ್ಯೂಟರಿಗೆ ಅಷ್ಟು ಚಿತ್ರ ಒದಗಿಸುವ ತ್ರಾಣವಿಲ್ಲ. ಕಪ್ಪು ಬಣ್ಣ ಚೆನ್ನಾಗಿ ಕಾಣುವ ಮತ್ತೊಂದರಲ್ಲಿ, ನೆರಳಿರುವ ಕಡೆ ಓಡುವ ವಸ್ತುಗಳ ಹಿಂದೆ ಮಸಿಯ ಬಾಲ ಬರುತ್ತಿತ್ತು. ಘಟ್ಟದ ರಸ್ತೆ ಎಂದರೆ ನೆರಳೇ ಅಲ್ಲವೇ? ಕೊನೆಗೆ ಹಳೆಯದರಷ್ಟೇ ಅಗಲದ, ಅದಕ್ಕಿಂತ ತುಸು ವೇಗದ, ಎತ್ತರ ಏರಿಸಿ ಇಳಿಸಲು ಬರುವ ಕಾಲಿರುವ ಒಂದನ್ನು ಆರಿಸಿದರು. "ಗೇಮ್ ಆಡೋ ಹುಡುಗ ಲಕ್ಕಿ ಬಿಡಿ ಮೇಡಂ" ಎಂದರಂತೆ ಅಂಗಡಿಯವರು. ಅರುಣಾ ತಿದ್ದಲು ಹೋಗಲಿಲ್ಲ.

ಬಸ್ಸು ಜಾವಳಿ ತಲುಪುತ್ತದೆ. ಕಾಫಿ ಹೂವು ಬಾಡಿ ಕಂದಾಗಿರುವ ತೋಟದ ನಡುವೆ ನಡೆದು ಅರುಣಾ ಎಸ್ಟೇಟ್ ಮನೆ ಸೇರುವಾಗ ರಂಗಮ್ಮ ಆಗಲೇ ಕುರ್ಚಿಯಲ್ಲಿ ಕೂತಿದ್ದಾರೆ. ಕೆಲಸದಾಕೆ ತಂಗಮ್ಮ ಬಾಗಿಲಿಗೊರಗಿ ನಿಂತಿದ್ದಾಳೆ.

"ಅಮ್ಮ ಬೆಳಗಿಂದ ತಿಂಡೀನೂ ತಿಂದಿಲ್ಲ" ಎನ್ನುತ್ತಾಳೆ ತಂಗಮ್ಮ.

"ನೀ ಸುಮ್ನಿರು."

ಪರದೆ ಬೆಳಗುತ್ತದೆ. ರಸ್ತೆ ತೆರೆದುಕೊಳ್ಳುತ್ತದೆ. ರಂಗಮ್ಮ ಮೊದಲ ತಿರುವಿಗೆ ಚಕ್ರ ತಿರುಗಿಸಿ, ಎರಡನೆಯದಕ್ಕೆ ತಿರುಗಿಸಿ, ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

"ಇದೂ ಅದೇ ಅರುಣಾ."

ಬೈಗುಳ ಅಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು. ಅರುಣಾಗೆ ಕಿವಿ ಬಿಸಿಯಾಗುತ್ತದೆ. ಜಯದೇವಪ್ಪನವರು ಪೇಪರ್ ಮಡಿಸುತ್ತಾರೆ. ಅಷ್ಟರಲ್ಲಿ ಅರುಣಾಗೆ ಹೊಳೆಯುತ್ತದೆ. ಮಾನಿಟರ್ ಎಷ್ಟೇ ವೇಗದ್ದಿರಲಿ, ಕಂಪ್ಯೂಟರಿಗೆ ಹೇಳದಿದ್ದರೆ ಅದು ಸೆಕೆಂಡಿಗೆ ಅರವತ್ತರಲ್ಲೇ ಕೂತಿರುತ್ತದೆ. ಬಗ್ಗಿ ಮೌಸ್ ಹಿಡಿದು, ಸೆಟ್ಟಿಂಗಿನೊಳಗೆ ಹೋಗಿ ಸಂಖ್ಯೆ ಬದಲಿಸುತ್ತಾರೆ. ಪರದೆ ಒಮ್ಮೆ ಕಪ್ಪಾಗಿ ಮರಳಿ ಬರುತ್ತದೆ.

"ಈಗ ನೋಡಿ ಅಮ್ಮ."

ರಂಗಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಚಕ್ರ ಹಿಡಿಯುತ್ತಾರೆ. ಒಂದು ತಿರುವು. ಇನ್ನೊಂದು. ಮೂರನೆಯದು ಹಿಮ್ಮುರಿ ತಿರುವು. ಅದನ್ನು ವೇಗ ಇಳಿಸದೆ ದಾಟುತ್ತಾರೆ. ಮುಖದಲ್ಲಿ ನಗುವಿಲ್ಲ. ದವಡೆ ಬಿಗಿದಿದೆ, ಭುಜ ತಿರುವಿನೊಂದಿಗೆ ವಾಲುತ್ತಿದೆ. ಜೀಪಿನಲ್ಲಿ ಅವರ ಪಕ್ಕ ಕೂತವರಿಗೆಲ್ಲ ಗೊತ್ತಿರುವ ಮುಖ ಅದು.

"ತಿಂಡಿ ತಾ ತಂಗಮ್ಮ, ಹಸಿವಾಗ್ತದೆ" ಎನ್ನುತ್ತಾರೆ, ಕಣ್ಣು ರಸ್ತೆಯಿಂದ ತೆಗೆಯದೆ.

ಅರುಣಾ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುವಾಗ ರಂಗಮ್ಮ ಕೋಲು ಊರಿ ಎದ್ದು ನಿಲ್ಲುತ್ತಾರೆ.

"ನೀ ಕೂರು."

"ಅಯ್ಯೋ, ನಂಗೆ ಬರಲ್ಲ ಅಮ್ಮ. ಎಲ್ಲ ಸರಿ ಇದೆ, ನೋಡಾಯ್ತು."

"ಸರಿ ಇದ್ಯಾ ಅಂತ ನೋಡೋಕಲ್ಲ. ಸುಮ್ನೆ ಕೂರು."

ಎಷ್ಟೋ ಮನೆಗಳ ಎಷ್ಟೋ ಪರದೆಗಳನ್ನು ಅರುಣಾ ಬೆಳಗಿಸಿದ್ದಾರೆ. ಬಣ್ಣ ಸರಿಯಿದೆ, ಚುಕ್ಕಿ ಸತ್ತಿಲ್ಲ ಎಂದಾದ ಕೂಡಲೇ ಎದ್ದು ಬಂದಿದ್ದಾರೆ. ಅವುಗಳ ಮುಂದೆ ಕೂರು ಎಂದು ಯಾರೂ ಹೇಳಿದ್ದಿಲ್ಲ. ಕೂರಬಹುದು ಎಂದು ಅವರಿಗೂ ತೋಚಿದ್ದಿಲ್ಲ. ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟುಕೊಂಡಿರುವುದು ನಡುವೆ ಗೀರು ಬಿದ್ದ, ಯಾರೋ ಬಿಟ್ಟುಹೋದ ಚೌಕಾಕಾರದ ಮಾನಿಟರ್. ಮನೆಯಲ್ಲಿ ಅದೂ ಇಲ್ಲ.

ಅರುಣಾ ಕೂತು ಪೆಡಲ್ ಒತ್ತುತ್ತಾರೆ. ಮರಗಳು ಹರಿದುಬರುತ್ತವೆ, ಎಲ್ಲೂ ತಡೆಯದೆ, ನೀರಿನ ಹಾಗೆ. ಎರಡನೆಯ ತಿರುವಿನಲ್ಲಿ ಕಾರು ನೇರ ಕಣಿವೆಗೆ ಹೋಗುತ್ತದೆ.

"ಜೀಪಾಗಿದ್ರೆ ನಾವೆಲ್ಲ ಸತ್ತಿದ್ವಿ" ಎನ್ನುತ್ತಾರೆ ರಂಗಮ್ಮ, ಇಡ್ಲಿ ಬಾಯಲ್ಲಿಟ್ಟುಕೊಂಡು. "ಇನ್ನೊಂದ್ಸಲ ಹೋಗು. ತಿರುವು ಬರೋ ಮೊದ್ಲೇ ಅದ್ರ ಆಚೆ ನೋಡ್ಬೇಕು."

ಇನ್ನೊಂದು ಸಲ, ಮತ್ತೊಂದು ಸಲ ಹೋಗುತ್ತಾರೆ. ಹಿಂದಿರುಗುವ ಬಸ್ಸು ತಪ್ಪುತ್ತದೆ. ನಂತರದ್ದಕ್ಕೆ ಹತ್ತುವಾಗ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ, ಹೋದ ವಾರ ಅಲ್ಲೇ ಬಿಟ್ಟಿದ್ದ ದೊಡ್ಡ ಸಾಮಾನ್ಯ ಮಾನಿಟರ್ ಇದೆ; ನಾಳೆ ಚಿಕ್ಕಮಗಳೂರಿಗೆ ಒಯ್ದು ವಾಪಸು ಕೊಡಬೇಕು. ಬದಲಿಗೆ ಬೇರೆಯದನ್ನು ತರಬಹುದು ಎಂದು ಅಂಗಡಿಯವರು ಹೇಳಿದ್ದಾರೆ. ಅಷ್ಟರಲ್ಲಿ ಯಶವಂತರ ಫೋನು ಬರುತ್ತದೆ: ಕೆಲಸ ಆಯ್ತಾ, ಯಾಕೆ ತಡ? "ಆಯ್ತು. ಅಮ್ಮನಿಗೆ ಒಪ್ಪಿಗೆ ಆಯ್ತು" ಎಂದಷ್ಟೇ ಹೇಳಿ ಇಡುತ್ತಾರೆ.

ಬಸ್ಸು ಒಂದು ಹಿಮ್ಮುರಿ ತಿರುವಿಗೆ ಬರುತ್ತದೆ. ಅರುಣಾ ತಮಗರಿವಿಲ್ಲದೆ ಕತ್ತು ಚಾಚಿ ತಿರುವಿನ ಆಚೆ ನೋಡುತ್ತಾರೆ. ತಮಗೂ ವೇಗದ ಪರದೆಯೊಂದನ್ನು ತಂದರೆ ಅಂಗಡಿಯ ಮೇಜಿನ ಮೇಲಿನ ಗೀರು ಬಿದ್ದ ಚೌಕವನ್ನು ಎಲ್ಲಿಡುವುದು ಎಂದು ಲೆಕ್ಕ ಹಾಕುತ್ತಾರೆ. ಮೊದಲ ಬಸ್ಸಿಗಿಂತ ಮುಂಚೆ, ಷಟರ್ ಅರ್ಧ ಎತ್ತಿದ ಹೊತ್ತಿನಲ್ಲಿ, ಅಂಗಡಿಗೆ ಯಾರೂ ಬರುವುದಿಲ್ಲ.

"ಮಗು ವಾಪಸ್ ಬಂತಲ್ಲ ಅರುಣಕ್ಕ" ಎನ್ನುತ್ತಾನೆ ಬೆಳ್ಳಿಯಪ್ಪ, ಟಿಕೆಟ್ ಹರಿಯುತ್ತಾ. "ನಾಳೆ ಯಾರ ಮನೆಗೆ?"

"ನೋಡ್ಬೇಕು ಮಾರಾಯ" ಎಂದು ಅರುಣಾ ಕಂಬಳಿಯನ್ನು ಸರಿಯಾಗಿ ಹೊದೆಸಿ, ಕಿಟಕಿಯ ಕಡೆ ತಿರುಗುತ್ತಾರೆ.