ನಾರ್ವೆಯ ಪ್ರೊಫೆಸರರ ಮಗಳನ್ನು ಕೇಳಲು ಬಂದವರು

ಪ್ರೇತ, ಕುಲೆ ಎಂದು ಯಾರಾದರೂ ಶುರು ಮಾಡಿದರೆ "ನಿಮಗೆ ಬೇರೆ ಕೆಲಸ ಇಲ್ಲವಾ ಮಾರಾಯ್ರೆ" ಎಂದು ಎದ್ದು ಹೋಗುತ್ತಿದ್ದವ ನಾನು. ಪುತ್ತೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವ, ವಾದಕ್ಕೆ ನಿಂತರೆ ಬಿಡುವ ಜಾತಿಯಲ್ಲ. ಈಗಲೂ ಇದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕಡಬದಲ್ಲಿ ನಡೆದದ್ದನ್ನು ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನಾರ್ವೆಯಿಂದ ಒಬ್ಬ ತತ್ವಶಾಸ್ತ್ರದ ಪ್ರೊಫೆಸರರು ನಮ್ಮ ಕಡೆ ಬಂದಿದ್ದರು. ಪುತ್ತೂರು, ಕಡಬ, ಸುಳ್ಯದಲ್ಲಿ ಸಾರ್ವಜನಿಕ ಭಾಷಣ. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಎತ್ತರದ ಆಳು, ಮೆಲುಮಾತು, ನಮ್ಮ ಸೆಕೆಗೆ ಮುಖವೆಲ್ಲ ಕೆಂಪು. ಸತ್ತವರು ಎಲ್ಲಿಯೂ ಇಲ್ಲ, ಅವರಿಗೆ ನಮ್ಮಿಂದ ಏನೂ ಬೇಕಾಗಿಲ್ಲ, ಇಷ್ಟು ಒಪ್ಪಿದರೆ ಬದುಕು ಹಗುರ ಎಂಬುದು ಅವರ ವಾದ. ಪುತ್ತೂರಿನಲ್ಲಿ ಜನ ಚೆನ್ನಾಗಿಯೇ ಕೇಳಿದರು. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಕಡಬದಲ್ಲಿ ಭಾಷಣ ಮುಗಿದು ಹಾಲ್ ಖಾಲಿಯಾದ ಮೇಲೂ ಇಬ್ಬರು ಜಗಲಿಯಲ್ಲಿ ನಿಂತಿದ್ದರು. ಆಲಂಕಾರಿನ ಕಡೆಯ ಒಬ್ಬ ಹೆಂಗಸು, ಜೊತೆಗೆ ಅವರ ಅಣ್ಣ. ಅಣ್ಣನ ಕೈಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟ ಹರಿವಾಣ.

"ಸಾರ್, ನಮ್ಮ ಹುಡುಗನಿಗೆ ಇವರ ಮಗಳನ್ನು ಕೇಳ್ಲಿಕ್ಕೆ ಬಂದದ್ದು," ಎಂದರು ಅಣ್ಣ.

ಅವರ ಹುಡುಗ ತೊಟ್ಟಿಲಲ್ಲೇ ತೀರಿಹೋದವನಂತೆ. ಹಾಗೆ ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಂತೆಯೇ ತೀರಿಹೋದ ಹುಡುಗಿಯನ್ನು ಹುಡುಕಿ ಮದುವೆ ಮಾಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಪ್ರೇತ ಮದುವೆ ಅನ್ನುತ್ತಾರೆ. ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾತು ಇದು! ಅವರಿಗೆ ಮಕ್ಕಳೇ ಇಲ್ಲ," ಎಂದು ಗದರಿದೆ.

ಹೆಂಗಸು ಅಲುಗಲಿಲ್ಲ. "ಉಂಟು ಸಾರ್. ಹುಡುಗಿ ಎರಡು ವರ್ಷದಿಂದ ನಮ್ಮ ಹೊಸ್ತಿಲಿನ ಹೊರಗೇ ನಿಲ್ತದೆ, ಒಳಗೆ ಬರುದಿಲ್ಲ. ಬಲಗಿವಿಯ ಹಿಂದೆ ಕೆಂಪು ಮಚ್ಚೆ ಉಂಟು. ಪೇಪರಿನಲ್ಲಿ ಇವರ ಫೋಟೋ ನೋಡಿದೆ, ಅದೇ ಮುಖ. ಹೆತ್ತವರು ಕೊಡದೆ ನಾವು ಹೇಗೆ ಒಳಗೆ ಕರೆಯುದು?"

ಪ್ರೊಫೆಸರರು ಏನೆಂದು ಕೇಳಿದರು. ನಗಲಿ ಎಂದೇ ಹೇಳಿದೆ. ಅವರು ನಗಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಬಹಳ ಹಿಂದೆ ಅವರಿಗೆ ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಬೆಳಿಗ್ಗೆ ಹುಟ್ಟಿದ್ದು ಸಂಜೆಗೆ ಇರಲಿಲ್ಲ. ಕಿವಿಯ ಹಿಂದೆ ಮಚ್ಚೆ ಇದ್ದದ್ದು ಹೌದು. ಆಮೇಲೆ ಹೆಂಡತಿಯ ಹತ್ತಿರ ಕೂಡ ಅವರು ಆ ಮಾತು ಎತ್ತಿದವರಲ್ಲ.

ಅಣ್ಣನಿಗೆ ತಮ್ಮದೇ ಚಿಂತೆ. "ಬರಿ ಯಾವುದು ಕೇಳಿ ಸಾರ್," ಎಂದರು. ಬರಿ ಎಂದರೆ ಗೋತ್ರದ ಹಾಗೆ, ಒಂದೇ ಆದರೆ ಸಂಬಂಧ ಕೂಡುವುದಿಲ್ಲ. "ನಾರ್ವೆಯಲ್ಲಿ ಎಂತ ಬರಿ ಮಾರಾಯ್ರೆ!" ಎಂದೆ. "ಹಾಗಾದ್ರೆ ತೊಂದರೆ ಇಲ್ಲ. ಹುಡುಗಿಯ ಹೆಸರು?"

ಹೆಸರಿಡುವಷ್ಟು ಹೊತ್ತೇ ಇರಲಿಲ್ಲ ಎಂದರು ಪ್ರೊಫೆಸರರು. ಹೆಂಗಸು ಒಂದು ಹೆಜ್ಜೆ ಮುಂದೆ ಬಂದರು. "ಹೆಸರಿಲ್ಲದೆ ಧಾರೆ ಎರೆಯುದು ಹೇಗೆ? ಅದರ ಅಮ್ಮನನ್ನು ಕೇಳಿ ಸಾರ್."

ಮರುದಿನ ಸುಳ್ಯದಲ್ಲಿ ಅದೇ ಭಾಷಣ ಮಾಡಬೇಕಾದ ಮನುಷ್ಯ. ಹರಿವಾಣ ಮುಟ್ಟಿದರೆ ಜೀವಮಾನದ ಮಾತಿಗೇ ಕೊಡಲಿ, ಮುಟ್ಟದಿದ್ದರೆ ಮಗಳು ಹೊರಗೆ. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹೆಂಡತಿಗೆ ಫೋನು ಮಾಡಿ ತಮ್ಮ ಭಾಷೆಯಲ್ಲಿ ತಡವರಿಸುತ್ತ ಏನೋ ಹೇಳಿದರು. ಕೊನೆಗೆ ನನ್ನತ್ತ ತಿರುಗಿ, "ಹುಡುಗ ಒಳ್ಳೆಯವನಾ ಎಂದು ಕೇಳುತ್ತಿದ್ದಾಳೆ," ಎಂದರು.

ನಾನು ಹೇಳಿ ಮುಗಿಸುವ ಮೊದಲೇ ಹೆಂಗಸು ಫೋನು ಕಿತ್ತುಕೊಂಡರು. "ಪಾಪದವ ಅಕ್ಕಾ, ನನ್ನ ಮಗ ತುಂಬ ಪಾಪದವ," ಎಂದು ತುಳುವಿನಲ್ಲಿ ಶುರು ಮಾಡಿದರು. ಈ ಕಡೆಯಿಂದ ತುಳು, ಆ ಕಡೆಯಿಂದ ಅವರ ಭಾಷೆ. ಇಬ್ಬರೂ ಅತ್ತರು, ಕೇಳಿದರು, ಉತ್ತರ ಕೊಟ್ಟರು. ನನ್ನನ್ನು ಯಾರೂ ಕರೆಯಲಿಲ್ಲ.

ಕಣ್ಣೊರೆಸಿಕೊಂಡು ಫೋನು ವಾಪಸು ಕೊಡುವಾಗ ಅವರು, "ಅವತ್ತೇ ಹೆಸರಿಟ್ಟಿದ್ದಾರಂತೆ ಸಾರ್, ಇವರಿಗೆ ಹೇಳ್ಲಿಲ್ಲವಂತೆ. ಆಸ್ಟ್ರಿಡ್," ಎಂದರು. ಪ್ರೊಫೆಸರರು ಫೋನಿನಲ್ಲಿ ಹೆಂಡತಿಯನ್ನು ಕೇಳಿದರು. ಹೌದಂತೆ. ಎರಡೂ ಕೈಯಲ್ಲಿ ಹರಿವಾಣ ತೆಗೆದುಕೊಂಡು ಮಗುವಿನ ಹಾಗೆ ಅತ್ತರು.

ಸುಳ್ಯದ ಭಾಷಣ ನಡೆಯಲಿಲ್ಲ. ಆ ಹೊತ್ತಿಗೆ ಅವರು ಆಲಂಕಾರಿನಲ್ಲಿ ಮಗಳಿಗೆ ಧಾರೆ ಎರೆಯುತ್ತಿದ್ದರು.

ಮಚ್ಚೆಯ ವಿಷಯ ಆ ಹೆಂಗಸಿಗೆ ಯಾರು ಹೇಳಿದರು? ಇಬ್ಬರಿಗೂ ಮಾತು ಹೇಗೆ ತಿಳಿಯಿತು? ನಾನು ತಲೆ ಕೆಡಿಸಿಕೊಂಡದ್ದೇ ಬಂತು. ಅದಕ್ಕಿಂತ ನನ್ನದೇ ಒಂದು ಕೆಲಸ ನನಗೆ ಅರ್ಥವಾಗಿಲ್ಲ. ಮದುಮಗಳ ಜಾಗದಲ್ಲಿ ಒಂದು ಮಣೆ, ಮಣೆಯ ಮೇಲೆ ಸೀರೆ, ಹೂವು. ಬಂದವರೆಲ್ಲ ಅದರ ಎದುರು ನಿಂತು ತುಳುವಿನಲ್ಲಿ ಹರಸುತ್ತಿದ್ದರು. ಪಾಪ, ಹುಡುಗಿಗೆ ತಿಳಿಯಬೇಕಲ್ಲ ಎಂದು, ನಾನು ಮಣೆಯ ಪಕ್ಕ ಕುಳಿತು ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ.