ಪೆಲತ್ತಡಿ ಗುತ್ತಿನ ಬೆಲ್ಲ ನೀರು

ನನ್ನ ಹೆಂಡತಿ ಜಲಜಾಕ್ಷಿಯ ಮಾತು 'ನಮ್ಮಲ್ಲಿ' ಎಂದು ಶುರುವಾದರೆ ನಾನು ಪೇಪರ್ ಮಡಚಿಡುತ್ತೇನೆ. ಇನ್ನು ಓದಿ ಪ್ರಯೋಜನವಿಲ್ಲ. ನಮ್ಮಲ್ಲಿ ಚಾವಡಿಯ ಕಂಬ ಇಬ್ಬರು ಸೇರಿ ತಬ್ಬಿದರೂ ಸಿಗುತ್ತಿರಲಿಲ್ಲ, ನಮ್ಮಲ್ಲಿ ಬಾವಿಯ ನೀರು ಏಪ್ರಿಲ್‌ನಲ್ಲೂ ತಣ್ಣಗಿರುತ್ತಿತ್ತು, ನಮ್ಮಲ್ಲಿ ಹಾಗೆ, ನಮ್ಮಲ್ಲಿ ಹೀಗೆ. 'ನಮ್ಮಲ್ಲಿ' ಎಂದರೆ ಮಡಂತ್ಯಾರಿನಲ್ಲಿ ನಾನು ಬೆವರು ಸುರಿಸಿ ಕಟ್ಟಿಸಿದ ಮನೆ ಎಂದುಕೊಳ್ಳಬೇಡಿ. ಇದರಲ್ಲಿ ಅವಳು ವಾಸ ಇದ್ದಾಳೆ, ಅಷ್ಟೆ. 'ನಮ್ಮಲ್ಲಿ' ಎಂದರೆ ಪುತ್ತಿಗೆಯ ಹತ್ತಿರದ ಪೆಲತ್ತಡಿ ಗುತ್ತು.

ಊರಿನ ಹಿರಿಮನೆಗೆ ನಮ್ಮ ಕಡೆ ಗುತ್ತು ಎನ್ನುತ್ತಾರೆ. ಜಲಜ ಹುಟ್ಟಿದ್ದು ಅಲ್ಲಿ. ಕುಟುಂಬ ಪಾಲಾದಾಗ ಮನೆ ಇನ್ನೊಂದು ಕವಲಿಗೆ ಹೋಯಿತು, ಅವಳ ತಾಯಿಗೆ ಗದ್ದೆ ಬಂತು. ಶಾಲೆಗೆ ಹೋಗುವ ಹುಡುಗಿ ತಾಯಿಯ ಜೊತೆ ಮಡಂತ್ಯಾರಿನ ಬಾಡಿಗೆ ಕೋಣೆಗೆ ಬಂದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಆ ಮನೆಯಲ್ಲಿ ಅವಳಿಗೆ ಒಂದು ಕೆಲಸ ಇತ್ತು. ಯಾರೇ ಬರಲಿ, ಒಳಗಿನಿಂದ ಬೆಲ್ಲ ನೀರು ತಂದುಕೊಡುವುದು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು. ಬಂದವರು ಬೆಲ್ಲ ಕಚ್ಚಿ ನೀರು ಕುಡಿದ ಮೇಲೆಯೇ ಮಿಕ್ಕ ಮಾತು. ಕೊಡುವವರು ಮನೆಯವರು, ಕುಡಿಯುವವರು ಬಂದವರು. ದೊಡ್ಡವಳಾಗಿ ಅಂಗನವಾಡಿ ಟೀಚರ್ ಆದ ಮೇಲೂ ಅವಳು ಈ ಅಭ್ಯಾಸ ಬಿಡಲಿಲ್ಲ. ಮಗುವನ್ನು ಬಿಡಲು ಬಂದ ತಾಯಂದಿರಿಗೆಲ್ಲ ಬೆಲ್ಲ ನೀರು. ಊರಿನಲ್ಲಿ ಅವಳ ಹೆಸರು ಬೆಲ್ಲದ ಟೀಚರ್ ಎಂದೇ ಆಯಿತು.

ನಮ್ಮ ಮದುವೆಯ ಕಾಲಕ್ಕೆ ಹೆಣ್ಣಿನ ಮನೆಯ ಅಂಗಳದಲ್ಲಿ ಚಪ್ಪರ ಹಾಕುವುದೇ ಪದ್ಧತಿ. ಗಂಡಿನ ದಿಬ್ಬಣ ಬಂದಾಗ ಹೆಣ್ಣಿನ ಕಡೆಯವರು ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ಕೊಟ್ಟು ಕರೆದುಕೊಳ್ಳಬೇಕು. ಬಾಡಿಗೆ ಕೋಣೆಗೆ ಎಲ್ಲಿಯ ಅಂಗಳ? ಬಂಟ್ವಾಳದ ಒಂದು ಹಾಲ್‌ನಲ್ಲಿ ಮದುವೆಯಾಯಿತು. ನಾವು ಬಸ್ಸಿಳಿದರೆ ಬಾಗಿಲಲ್ಲಿ ಒಂದು ನರಪಿಳ್ಳೆ ಇಲ್ಲ. ಹಾಲ್‌ನವರು ನೀರು ಕೊಡುತ್ತಾರೆಂದು ಹೆಣ್ಣಿನ ಕಡೆಯವರು, ಇವರು ಕೊಡುತ್ತಾರೆಂದು ಹಾಲ್‌ನವರು. ಮದುಮಗನಾದ ನಾನು ಪೇಟ ಕಂಕುಳಲ್ಲಿಟ್ಟುಕೊಂಡು ಹಿತ್ತಿಲಿನ ನಳ್ಳಿಗೆ ಬಾಯಿಟ್ಟು ನೀರು ಕುಡಿದೆ. ಈ ಕತೆಯನ್ನು ನಾನು ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದೆ. ಜಲಜ ಮಾತ್ರ ಆ ಹೊತ್ತಿಗೆ ಸರಿಯಾಗಿ ಒಳಗೆ ಏನೋ ಕೆಲಸವಿದೆ ಎಂದು ಏಳುತ್ತಿದ್ದಳು.

ಈ ವರ್ಷ ಮಗಳು ತೃಷಾಳ ಮದುವೆ ನಿಶ್ಚಯವಾಯಿತು. ಹುಡುಗ ಬೆಳುವಾಯಿಯ ಶ್ರವಣ್, ದುಬೈಯಲ್ಲಿ ಹೋಟೆಲಿನ ಕೆಲಸ. ಜಲಜ ಹಲಸಿನ ಬೀಜ ಸುಲಿಯುತ್ತಾ ಕುಳಿತಿದ್ದಾಗ ತೃಷಾ ಮೊಬೈಲ್ ಹಿಡಿದುಕೊಂಡು ಬಂದಳು.

"ಅಮ್ಮ, ಇಲ್ಲಿ ನೋಡು. ಹಳೇ ಕಾಲದ ಮನೆ, ರಿಪೇರಿ ಮಾಡಿ ಮದುವೆಗೆ ಕೊಡ್ತಾರಂತೆ. ಎಷ್ಟು ಚಂದ ಉಂಟಲ್ವಾ?"

ಜಲಜ ಅಂಟು ಕೈಯಲ್ಲೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. "ಇದು ನಮ್ಮಲ್ಲಿ," ಎಂದಳು.

ಕೈ ಬದಲಾಗಿ ಬದಲಾಗಿ ಮನೆ ಈಗ ಮಂಗಳೂರಿನ ಯಾರೋ ಹೋಟೆಲಿನವರದಂತೆ. ನನಗೋ ಹಿಡಿಸಲಾರದಷ್ಟು ಖುಷಿ. ಆದರೆ ಅವಳು, "ಬೇಡ," ಎಂದಳು.

"ಎಂತ ಬೇಡ? ಇಷ್ಟು ವರ್ಷ ನನ್ನ ತಲೆ ತಿಂದದ್ದು ಯಾಕೆ ಮಾರಾಯ್ತಿ?"

"ಆ ಬಾಗಿಲಲ್ಲಿ ಯಾರೋ ನಿಂತು ನನಗೆ 'ಬನ್ನಿ, ಕೂತ್ಕೊಳ್ಳಿ' ಹೇಳ್ಬೇಕಾ? ನಾನು ಹುಟ್ಟಿದ ಮನೆಗೆ ನೆಂಟಳಾಗಿ ಹೋಗುವುದಿಲ್ಲ."

ತೃಷಾ ಮುಖ ಸಣ್ಣದು ಮಾಡಿಕೊಂಡಳು. ಕೊನೆಗೆ ಒಂದು ಒಪ್ಪಂದವಾಯಿತು. ಒಮ್ಮೆ ಹೋಗಿ ನೋಡುವುದು, ಶ್ರವಣ್‌ನ ತಾಯಿ ಪ್ರೇಮಾವತಿಯೂ ಅಲ್ಲಿಗೇ ಬರುವುದು. ಅಲ್ಲಿ ನಿಂತು ಅಮ್ಮ ಬೇಡ ಎಂದರೆ ಮೂಡುಬಿದಿರೆಯ ಎಸಿ ಹಾಲ್.

ಗುತ್ತಿನ ಅಂಗಳದಲ್ಲಿ ನಮ್ಮನ್ನು ಎದುರುಗೊಂಡವಳು ಅಲ್ಲಿನ ಉಸ್ತುವಾರಿಯ ಹುಡುಗಿ ಶಬ್ನಾ. ಚುರುಕಿನವಳು, ನಗುಮುಖ. ಉದ್ದ ಗ್ಲಾಸುಗಳಲ್ಲಿ ಕೆಂಪು ಕೆಂಪಾದ ಪುನರ್ಪುಳಿ ಹಣ್ಣಿನ ಶರಬತ್ತು ಹಿಡಿದು, "ತಗೊಳ್ಳಿ ಆಂಟಿ," ಎಂದಳು.

"ನನಗೆ ಬೇಡಮ್ಮ," ಎಂದು ಜಲಜ ಬಿಸಿಲಲ್ಲೇ ನಿಂತಳು. ಮೆಟ್ಟಿಲು ಹತ್ತಲಿಲ್ಲ. ನನಗೆ ಕೋಪ ಬಂತು. ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ?

ನಾನು, ತೃಷಾ ಒಳಗೆಲ್ಲ ನೋಡಿ ಬಂದೆವು. ಭತ್ತ ತುಂಬಿಡುತ್ತಿದ್ದ ಕೋಣೆ ಮೇಕಪ್ ರೂಮ್ ಆಗಿದೆ. ಕಡೆಯುವ ಕಲ್ಲಿನ ಗುಂಡಿಯಲ್ಲಿ ಹೂ ತೇಲಿಸಿದ್ದಾರೆ. ಚಾವಡಿಯ ಕಂಬವನ್ನು ನಾನೊಬ್ಬನೇ ತಬ್ಬಿ ನೋಡಿದೆ, ಸಿಕ್ಕಿತು. ಇದನ್ನು ಹೇಳುವ ಹೊತ್ತು ಇದಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಪ್ರೇಮಾವತಿ ಬಂದರು. ಬಂದವರೇ ಜಗಲಿಯ ತುದಿಯಲ್ಲಿ ಕುಸಿದು, ಸೆರಗಿನಿಂದ ಗಾಳಿ ಹಾಕಿಕೊಂಡು, "ಅಬ್ಬ, ಎಂತ ಸೆಕೆ! ಬಣ್ಣದ್ದೆಲ್ಲ ಬೇಡಮ್ಮ, ಸ್ವಲ್ಪ ನೀರು ಸಿಗಬಹುದಾ?" ಎಂದರು.

ಶಬ್ನಾ ಬಾಟ್ಲಿ ತರಲು ಓಡಿದಳು. ನಾನು ಪ್ರೇಮಾವತಿಯವರಿಗೆ ಫ್ಯಾನ್ ಹಾಕಿಸಿ ತಿರುಗಿ ನೋಡಿದರೆ ಅಂಗಳದಲ್ಲಿ ಜಲಜ ಇಲ್ಲ. ಒಳಬಾಗಿಲ ಕಡೆ ನೋಡಿದೆ. ಆ ಬಾಗಿಲು ಬಹಳ ತಗ್ಗು. ಆಗಷ್ಟೇ ನನ್ನ ಹಣೆಗೆ ಬಡಿದು ಬುಗುಟು ಎದ್ದಿತ್ತು. ಅದೇ ಬಾಗಿಲಿನಲ್ಲಿ ಜಲಜ, ಮೇಲೆ ನೋಡದೆ, ತಾನಾಗಿ ತಲೆ ತಗ್ಗಿಸಿ ಹೊರಗೆ ಬರುತ್ತಿದ್ದಳು. ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಚೊಂಬು. ಹಿಂದೆ ಶಬ್ನಾ, ಕಣ್ಣರಳಿಸಿಕೊಂಡು.

"ಆಂಟಿ ಸೀದಾ ಅಡುಗೆಮನೆಗೆ ಬಂದ್ರು. ಬೆಲ್ಲ ಎಲ್ಲುಂಟು ಕೇಳಿದ್ರು. ಶೋಗೆ ಇಟ್ಟ ಚೊಂಬು ತೊಳೆದು ಬಾವಿಯಿಂದ ನೀರೂ ಸೇದಿದ್ರು," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಪ್ರೇಮಾವತಿ ಬೆಲ್ಲ ಕಚ್ಚಿ, ಚೊಂಬೆತ್ತಿ ಗಟಗಟ ಕುಡಿದರು. ಆಗ ಜಲಜಳಿಗೆ ತಾನು ಎಲ್ಲಿ ನಿಂತಿದ್ದೇನೆಂದು ಗೊತ್ತಾಯಿತು. ಒಳಗಿನಿಂದ ಬಂದವಳು ಅವಳು, ಹೊರಗಿನಿಂದ ಬಂದವರು ನಾವೆಲ್ಲ.

ಇದು ಜಲಜಳ ತವರೆಂದು ಪ್ರೇಮಾವತಿಯವರಿಗೆ ಗೊತ್ತೇ ಇರಲಿಲ್ಲ. ಬಾಯಿ ಒರೆಸಿಕೊಂಡು, "ಹೆಣ್ಣಿನ ಕಡೆಯ ಬೆಲ್ಲ ನೀರು ಆಯ್ತಲ್ಲ ಜಲಜಕ್ಕ. ಇನ್ನು ಬೇರೆ ಹಾಲ್ ಯಾಕೆ? ಇಲ್ಲೇ ಮಾಡುವ," ಎಂದರು.

ತೃಷಾ ಅಮ್ಮನನ್ನೇ ನೋಡುತ್ತಿದ್ದಳು. ಜಲಜ ಶಬ್ನಾಳ ಕಡೆ ತಿರುಗಿದಳು. "ಮದುವೆ ದಿನ ಬಾಗಿಲಲ್ಲಿ ನಿಮ್ಮವರು ನಿಲ್ಲುವುದು ಬೇಡಮ್ಮ. ನಾನು ನಿಲ್ತೇನೆ."

"ಆಯ್ತು ಆಂಟಿ. ನಾವು ಹಿಂದೆ ಇರ್ತೇವೆ."

ಮದುವೆಯ ಬೆಳಿಗ್ಗೆ ಗುತ್ತಿನ ಮೆಟ್ಟಿಲ ಮೇಲೆ ಜಲಜ ನಿಂತ ಚಂದವನ್ನು ನೀವು ನೋಡಬೇಕಿತ್ತು. ದಿಬ್ಬಣದ ಒಬ್ಬೊಬ್ಬರಿಗೂ ಬೆಲ್ಲ, ನೀರು. ಚೊಂಬು ಖಾಲಿಯಾದ ಹಾಗೆ ಶಬ್ನಾ ಬಾವಿಯಿಂದ ತುಂಬಿಸಿ ತರುತ್ತಿದ್ದಳು. ನಾನು ಬಸ್ಸು ನಿಲ್ಲಿಸುವ ಗಲಾಟೆ ಮುಗಿಸಿ, ಬೆವರಿಳಿಸಿಕೊಂಡು ಎಲ್ಲರಿಗಿಂತ ಹಿಂದೆ ಬಂದೆ. ನೆಟ್ಟಗೆ ಒಳಗೆ ನುಗ್ಗುವವನನ್ನು ಅವಳು ತಡೆದಳು.

"ಸ್ವಲ್ಪ ನಿಲ್ಲಿ. ತಗೊಳ್ಳಿ."

"ನನಗೆಂತಕ್ಕೆ? ನಾನು ಮನೆಯವನಲ್ವಾ?"

"ನೀವು ದಿಬ್ಬಣದಲ್ಲಿ ಬಂದವರು," ಎಂದಳು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. "ಅವತ್ತೇ ಕೊಡ್ಬೇಕಿತ್ತು. ತಡ ಆಯ್ತು."

ಬೆಲ್ಲ ಕಚ್ಚಿ ಚೊಂಬು ಎತ್ತಿದೆ. ಅವಳು ಹೇಳುತ್ತಿದ್ದ ಹಾಗೆಯೇ, ನೀರು ಏಪ್ರಿಲ್‌ನಲ್ಲೂ ತಣ್ಣಗಿತ್ತು.