ನೀರಿನ ಕೆಳಗಿನ ಅಂಗಳ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಚಿತ್ರ ಬರೆಯಲು ತೊಡಗಿ ಇಪ್ಪತ್ತು ವರ್ಷ ದಾಟಿದೆ. ಆದರೆ ಸ್ಫೂರ್ತಿ ಎನ್ನುವುದು ನನ್ನನ್ನು ಹುಡುಕಿಕೊಂಡು ಬಂದ ದಿನ ನನಗೆ ನೆನಪಿಲ್ಲ. ಕೃಷ್ಣಮೂರ್ತಿಪುರದ ನಮ್ಮ ಮನೆಗೆ ಹಾಲಿನವಳು ಬರುತ್ತಾಳೆ, ಸೊಪ್ಪಿನವಳು ಬರುತ್ತಾಳೆ, ಹಳ್ಳಿಯ ನೆಂಟರು ಹೇಳದೆ ಕೇಳದೆ ಬಂದು ವಾರವಿದ್ದು ಹೋಗುತ್ತಾರೆ. ಇವರೆಲ್ಲರಿಗೂ ಸಿಕ್ಕುವ ಮನೆ ಸ್ಫೂರ್ತಿಗೆ ಮಾತ್ರ ಸಿಕ್ಕುತ್ತಿರಲಿಲ್ಲ.

ಹಾಗೆಂದು ಇದರ ಬಗ್ಗೆ ಮೊದಲಿನಿಂದ ತಲೆ ಕೆಡಿಸಿಕೊಂಡವಳೂ ಅಲ್ಲ. ಮಕ್ಕಳಿಗೆ ಹೂಜಿ ಬರೆಯುವುದು ಹೇಗೆ, ಅದರ ನೆರಳು ಯಾವ ಕಡೆ ಬೀಳುತ್ತದೆ, ದೂರ ಹೋಗುವ ರಸ್ತೆ ಏಕೆ ಕಿರಿದಾಗುತ್ತದೆ ಎಂದು ಹೇಳಿಕೊಟ್ಟುಕೊಂಡು ಸುಖವಾಗಿದ್ದೆ. ಒಮ್ಮೆ ನಮ್ಮ ಶಾಲೆಗೆ ಹೊರಗಿನಿಂದ ಒಬ್ಬ ಹಿರಿಯ ಚಿತ್ರಕಾರರು ಬಂದರು. ಗೋಡೆಯ ಮೇಲಿದ್ದ ನನ್ನ ನಾಲ್ಕಾರು ಚಿತ್ರಗಳನ್ನು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿ, “ಕೈ ಬಹಳ ಚೆನ್ನಾಗಿದೆಯಮ್ಮ. ಆದರೆ ಚಿತ್ರ ಹೃದಯದಿಂದ ಬರಬೇಕು,” ಎಂದರು. ಅವರು ಹೇಳಿದ್ದು ಮೃದುವಾಗಿಯೇ. ಮೃದುವಾಗಿ ಹೇಳಿದ ಮಾತು ಹೆಚ್ಚು ದಿನ ಒಳಗೆ ಉಳಿಯುತ್ತದೆ. ಆ ಸಂಜೆ ಹುಳಿಗೆ ಬೇಕಾದ್ದಕ್ಕಿಂತ ಎರಡು ಈರುಳ್ಳಿ ಹೆಚ್ಚಾಗಿ ಹೆಚ್ಚಿದೆ. ಕಣ್ಣು ಒರೆಸಿಕೊಳ್ಳಲು ಒಂದು ನೆಪ ಬೇಕಿತ್ತು.

ಅಂದಿನಿಂದ ಹೃದಯದಿಂದ ಬರೆಯುವ ಪ್ರಯತ್ನ ಶುರುವಾಯಿತು. ಭಾನುವಾರ ತಲೆಗೆ ನೀರು ಹಾಕಿಕೊಂಡು, ಚಾಮುಂಡಿ ಬೆಟ್ಟ ಕಾಣುವ ಕಿಟಕಿಯ ಬಳಿ ಕಾಗದ ಹರಡಿಕೊಂಡು ಕೂರುತ್ತಿದ್ದೆ. ಮನಸ್ಸಿಗೆ ದುಃಖ ಬರಲಿ ಎಂದು ದುಃಖದ ಸಂಗತಿಗಳನ್ನು ನೆನೆಯುತ್ತಿದ್ದೆ. ಐದು ನಿಮಿಷಕ್ಕೆ, ನಾಳೆಯ ದೋಸೆಗೆ ಉದ್ದು ನೆನೆಹಾಕಿಲ್ಲ ಎಂಬುದು ನೆನಪಾಗುತ್ತಿತ್ತು. ನಮ್ಮ ಶಾಲೆಯ ಸಂಸ್ಕೃತದ ಪಂಡಿತರನ್ನು ಕೇಳಿದೆ. ಸ್ಫೂರ್ತಿ ಎಂಬ ಮಾತಿನ ಮೂಲದಲ್ಲಿ ಇರುವುದು ಅದುರುವುದು, ಮಿಡಿಯುವುದು ಎಂಬ ಅರ್ಥವೆಂದೂ, ಕಣ್ಣು ಅದುರುವುದಕ್ಕೂ ಅದೇ ಧಾತುವೆಂದೂ ಅವರು ನಶ್ಯ ಏರಿಸುತ್ತ ವಿವರಿಸಿದರು. ಸರಿ, ಅದುರಲಿ ಎಂದು ಕಾದೆ. ನಿದ್ದೆಗೆಟ್ಟಾಗ ಎಡಗಣ್ಣು ಅದುರಿತೇ ಹೊರತು ಕುಂಚ ಅದುರಲಿಲ್ಲ. ನಮ್ಮ ಯಜಮಾನರು ಪೇಟೆಗೆ ಹೊರಡುವಾಗ ಇಣುಕಿ, “ಏನು, ಬಂತೇ?” ಎಂದು ಕೇಳುವರು. “ಇಲ್ಲ” ಎಂದರೆ, “ಬಂದರೆ ಕೂರಿಸಿಕೊಂಡಿರು, ಸಂಜೆ ಬಂದು ನಾನೂ ಮಾತಾಡಿಸುತ್ತೇನೆ,” ಎಂದು ಸೈಕಲ್ ಹತ್ತುವರು.

ಈ ನಾಟಕವನ್ನೆಲ್ಲ ನಡುಮನೆಯಲ್ಲಿ ಕುಳಿತು ಗಮನಿಸುತ್ತಿದ್ದವರು ನಮ್ಮ ಅತ್ತೆ, ಕೆಂಪಮ್ಮನವರು. ಹೊಲ ಗದ್ದೆಗಳಲ್ಲಿ ಗೇಯ್ದು, ಮಗನ ಕೆಲಸದ ದೆಸೆಯಿಂದ ಪಟ್ಟಣಕ್ಕೆ ಬಂದು ಸೇರಿದವರು. ನನ್ನ ವಿದ್ಯೆಯ ಬಗ್ಗೆ ಅವರಿಗೆ ಕೋಪವಿರಲಿಲ್ಲ, ಅರ್ಥವಾಗುತ್ತಿರಲಿಲ್ಲ ಅಷ್ಟೆ. “ಮಡಕೆ ಅಟ್ಟದ ಮೇಲೇ ಅದಲ್ಲ ಮಗ, ಅದ್ನ ಮತ್ತೆ ಯಾಕೆ ಬರಿಬೇಕು?” ಎಂದು ಒಮ್ಮೆ ಕೇಳಿದ್ದರು.

ಅತ್ತೆಯವರ ಕಣ್ಣಿಗೆ ಪೊರೆ ಬಂತು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲ ಎನ್ನುತ್ತಿದ್ದವರು, ಆಮೇಲೆ ಬಾಗಿಲಲ್ಲಿ ನಿಂತವರು ಮಗನೋ ನೆಂಟನೋ ತಿಳಿಯದೆ ಸುಮ್ಮನೆ ನಗತೊಡಗಿದರು. ಡಾಕ್ಟರರು ಶಸ್ತ್ರಕ್ರಿಯೆ ಆಗಬೇಕೆಂದರು. ಕಣ್ಣು ಬರುತ್ತದೆಯೇ ಎಂದು ಯಜಮಾನರು ಕೇಳಿದ್ದಕ್ಕೆ, “ನೋಡೋಣ” ಎಂದರು. ಕಣ್ಣಿನ ಡಾಕ್ಟರರ ಬಾಯಲ್ಲಿ ಆ ಮಾತು ನನಗೆ ಹಿತವೆನಿಸಲಿಲ್ಲ.

ಆಸ್ಪತ್ರೆಗೆ ಜಟಕಾದಲ್ಲಿ ಹೋಗುವಾಗ ಅತ್ತೆ ನನ್ನ ಕೈ ಹಿಡಿದುಕೊಂಡೇ ಇದ್ದರು. ಅಗ್ರಹಾರದ ತಿರುವು ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೇಳಿದರು: “ಕಣ್ಣು ಬಂದ್ರೆ ನಾನು ಮೊದ್ಲು ನೋಡ್ಬೇಕಾದ್ದು ನಮ್ಮವ್ವನ ಮನೆ ಕಣವ್ವ.”

ಅವರ ತವರೂರು ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿ ಆಗಲೇ ಮೂವತ್ತು ವರ್ಷದ ಮೇಲಾಗಿತ್ತು.

“ಗೊತ್ತು ಬುಡು, ನೀರೊಳ್ಗೆ ಅದೆ,” ಎಂದರು ಅತ್ತೆ, ನನ್ನ ಮೌನವನ್ನು ಕೇಳಿಸಿಕೊಂಡವರಂತೆ. “ನೀನು ಬರಿತೀಯಲ್ಲ. ನಾನು ಹೇಳ್ತೀನಿ, ನೀನು ಬರಿ.”

ಆಗಿನ ಕಾಲದ ಕಣ್ಣಿನ ಶಸ್ತ್ರಕ್ರಿಯೆ ಎಂದರೆ ದೊಡ್ಡ ವ್ರತ. ಎರಡು ಕಣ್ಣಿಗೂ ಪಟ್ಟಿ, ತಲೆ ಅಲುಗಾಡದಂತೆ ಎರಡು ಪಕ್ಕಕ್ಕೂ ಮರಳಿನ ಚೀಲ. ಕೆಮ್ಮಬಾರದು, ಬಗ್ಗಬಾರದು, ಮುಖ್ಯವಾಗಿ ಅಳಬಾರದು ಎಂದು ನರ್ಸಮ್ಮ ದಿನಕ್ಕೆರಡು ಸಲ ಹೇಳಿ ಹೋಗುತ್ತಿದ್ದಳು. ನಾನು ಶಾಲೆ ಮುಗಿಸಿ ನೇರವಾಗಿ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ನೋಟ್‌ಬುಕ್ಕು ಪೆನ್ಸಿಲ್ಲು ಹಿಡಿದು ಕೂರುತ್ತಿದ್ದೆ.

“ಜಗಲಿ ಎಷ್ಟು ಉದ್ದ ಅತ್ತೆ?”

“ನಾಕು ಜನ ಮಲಗ್ಬೋದು. ನಮ್ಮ ಚಿಕ್ಕಪ್ಪ ಬಂದ್ರೆ ಮೂರೇ ಜನ.”

“ಗೋಡೆಯ ಬಣ್ಣ?”

“ಗೋಡೆ ಬಣ್ಣ.”

“ನುಗ್ಗೆ ಮರ ಬಾಗಿಲಿಗೆ ಎಷ್ಟು ದೂರ?”

“ಹುಳಿ ಕುದಿಯಾಕೆ ಇಟ್ಟು ಹೋಗಿ ಕಾಯಿ ಕಿತ್ಕಂಡು ಬರೋ ಅಷ್ಟು.”

ಅಳತೆ ತಿಳಿಯದೆ ಒಂದು ಗೆರೆಯನ್ನೂ ಎಳೆಯದ ನನಗೆ ಇದು ಶಿಕ್ಷೆಯಾಗಿತ್ತು. ನಾನು ಮಕ್ಕಳಿಗೆ ಕಲಿಸುವ ಪ್ರಕಾರ ದೂರದ್ದು ಚಿಕ್ಕದಾಗಬೇಕು. ಅತ್ತೆಯ ಊರಿನಲ್ಲಿ ಪ್ರೀತಿಯದ್ದೆಲ್ಲ ದೊಡ್ಡದು. ಕೊಟ್ಟಿಗೆಯ ಕಪ್ಪು ಹಸು ಮನೆಗಿಂತ ಎತ್ತರವಾಗಿತ್ತು, ಪಟೇಲರ ಮನೆ ಎಲ್ಲೋ ಒಂದು ಚುಕ್ಕೆ. ಮೂರು ದಿನದಲ್ಲಿ ಒಂದು ಅಚ್ಚುಕಟ್ಟಾದ ಮನೆಯ ರೇಖೆ ಸಿದ್ಧವಾಯಿತು. ಮೈಸೂರು ಸೀಮೆಯಲ್ಲಿ ಎಲ್ಲಿ ಬೇಕಾದರೂ ಇರಬಹುದಾದ ಮನೆ ಅದು.

ನಾಲ್ಕನೆಯ ದಿನ ನಾನು ಕೇಳದೆಯೇ ಅತ್ತೆ ಮಾತಿಗೆ ತೊಡಗಿದರು. ಊರು ಬಿಟ್ಟ ದಿನದ ಮಾತು. ಆಗ ಅವರು ಬಾಣಂತಿ, ನಮ್ಮ ಯಜಮಾನರು ಮೂರು ತಿಂಗಳ ಕೂಸು.

“ಹಂಚು, ತೊಲೆ, ಬಾಗ್ಲು, ಎಲ್ಲಾನೂವೆ ಕಿತ್ತು ಗಾಡಿಗೆ ಏರ್ಸಿದ್ರು. ಬರೀ ಗೋಡೆ ನಿಂತಿದ್ದೋ. ಗಾಡಿ ಕಟ್ಟಾಯ್ತು, ಎಲ್ರೂ ಹತ್ತಾಯ್ತು, ನಮ್ಮವ್ವ ಇಲ್ಲ. ನೋಡಿದ್ರೆ ಅಂಗಳದಲ್ಲಿ ಸಗಣಿ ಕಲಸ್ಕಂಡು ಸಾರಿಸ್ತಾ ಕುಂತವ್ಳೆ. ನಮ್ಮಪ್ಪಂಗೆ ಕ್ವಾಪ ಬಂದ್ಬುಡ್ತು. ‘ಏನೇ, ನೀರಿಗೆ ಸಾರಿಸ್ತಿದ್ದೀಯಾ?’ ಅಂದ. ತಲೆ ಎತ್ಲಿಲ್ಲ. ಸಾರ್ಸಿ, ಒಣಗೋಗಂಟ ಕಾದು, ಬಗ್ಗಿ ರಂಗೋಲಿ ಬುಟ್ಲು. ದೊಡ್ಡದು, ಹಬ್ಬಕ್ಕೆ ಬುಡೋದು. ಆಮೇಲೆ ಕೈ ತೊಳ್ಕಂಡು ಬಂದು ಗಾಡಿ ಹತ್ತುದ್ಲು.”

ಅತ್ತೆ ಮುಂದುವರಿಸಿ, “ದಾರೀಲಿ ಕೇಳ್ದೆ, ಯಾಕವ್ವ ಅಂತ. ‘ಬರೋದು ನೀರಾದ್ರೇನು ಮಗ, ಅಂಗೇ ಬುಟ್ಟು ಬರಾಕಾಯ್ತದಾ’ ಅಂದ್ಲು,” ಎಂದರು.

ನರ್ಸಮ್ಮನ ಅಪ್ಪಣೆಯಂತೆ ಅತ್ತೆ ಅಳುವಂತಿರಲಿಲ್ಲ. ಅಳಲಿಲ್ಲ. ಎದೆಯ ಮೇಲೆ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಮಲಗಿದ್ದರು. ನನಗೆ ಅಂಥ ನಿರ್ಬಂಧವೇನೂ ಇರಲಿಲ್ಲವಾದ್ದರಿಂದ ನಾನು ಅತ್ತುಬಿಟ್ಟೆ. ನೋಟ್‌ಬುಕ್ಕಿನ ಮನೆ ಒದ್ದೆಯಾಯಿತು. ಈ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಭಾವ ಉಕ್ಕಿ ಬಂದಾಗ ಚಿತ್ರ ಬರೆಯುವುದು ಸಾಧ್ಯವಿಲ್ಲ. ಕಾಗದ ಹಾಳಾಗುತ್ತದೆ.

ಬರೆದದ್ದು ಮುಂದಿನ ಭಾನುವಾರ ಬೆಳಿಗ್ಗೆ. ಮನಸ್ಸು ತಣ್ಣಗಿತ್ತು. ಕಿಟಕಿಯ ಕಡೆ ನೋಡಲಿಲ್ಲ, ಸ್ಕೇಲು ಹುಡುಕಲಿಲ್ಲ. ಬಾಗಿಲಿಲ್ಲದ ಗೋಡೆ, ಸೂರಿಲ್ಲದ ಮನೆ, ಸಾರಿಸಿದ ಅಂಗಳದ ಹಸಿ ಬಣ್ಣ ಒಂದರ ಹಿಂದೆ ಒಂದು ತಾವಾಗಿ ಬಂದವು. ಅಂಗಳ ಹಾಳೆಯ ಮುಕ್ಕಾಲು ಭಾಗವನ್ನು ಹಿಡಿಯಿತು. ಹಿಡಿಯಲಿ ಎಂದು ಬಿಟ್ಟೆ. ರಂಗೋಲಿ ಬಿಡುತ್ತಿರುವ ಹೆಂಗಸನ್ನು ಕೊನೆಯಲ್ಲಿ ಬರೆದೆ. ಬಗ್ಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಅರ್ಧ ಕಾಣುವ ಮುಖ. ಕುಂಚ ತೊಳೆದು ಬಂದು ನೋಡುತ್ತೇನೆ, ಆ ಮುಖ ನನ್ನ ಹೆತ್ತವ್ವನದು.

ನಮ್ಮವ್ವ ತೀರಿಕೊಂಡಾಗ ನಾನು ಟ್ರೈನಿಂಗ್ ಸ್ಕೂಲಿನಲ್ಲಿದ್ದೆ. ಪರೀಕ್ಷೆ ನಡೆಯುತ್ತಿತ್ತು. ಸುದ್ದಿ ತಲುಪಿ ನಾನು ಊರು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮತ್ತೆ ಬಂದು ಉಳಿದ ಎರಡು ಪರೀಕ್ಷೆ ಬರೆದೆ, ಪಾಸೂ ಆದೆ. ಆ ಮುಖವನ್ನು ಅದಾದ ಮೇಲೆ ಒಮ್ಮೆಯೂ ಬರೆಯಲು ಕೂತಿರಲಿಲ್ಲ. ಬರೆದರೆ ಸರಿಯಾಗಿ ಬರುವುದಿಲ್ಲವೆಂಬ ಭಯವೋ, ಬಂದುಬಿಡುತ್ತದೆಂಬ ಭಯವೋ ಹೇಳಲಾರೆ. ಈಗ ಅತ್ತೆಯ ಅಂಗಳದಲ್ಲಿ, ಕೇಳದೆ, ಅವಳು ಬಂದು ಕುಳಿತಿದ್ದಳು. ಒರೆಸಿ ಬೇರೆ ಮುಖ ಬರೆಯೋಣವೆಂದು ನೀರಿನ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡೆ. ಕೈ ಬರಲಿಲ್ಲ.

ಪಟ್ಟಿ ಬಿಚ್ಚಿದರು. ಕೆಲವು ವಾರ ಕಳೆದು ಗಾಜಿನ ಬಿಲ್ಲೆಯಂಥ ದಪ್ಪ ಕನ್ನಡಕ ಬಂತು. ಅದರ ಹಿಂದೆ ಅತ್ತೆಯ ಕಣ್ಣುಗಳು ಎರಡರಷ್ಟು ದೊಡ್ಡವಾಗಿ, ಸದಾ ಆಶ್ಚರ್ಯಪಟ್ಟಂತೆ ಕಾಣುತ್ತಿದ್ದವು. ಕನ್ನಡಕ ಹಾಕಿಕೊಂಡ ಮೊದಲ ದಿನ ಅವರು ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, “ಕೂದ್ಲು ನರೆತೋಗದಲ್ಲೋ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿ ತಾ,” ಎಂದರು.

ಚಿತ್ರವನ್ನು ಅವರ ಮುಂದೆ ಹಿಡಿದೆ. ಅತ್ತೆ ಮೂಗು ತಾಗುವಷ್ಟು ಹತ್ತಿರ ಬಾಗಿದರು.

“ಬಾಗ್ಲು ಈ ಕಡೆ ಇರ್ಲಿಲ್ಲ. ಆ ಕಡೆ.”

“ಹೂಂ.”

“ನುಗ್ಗೆ ಮರ ಇಷ್ಟು ದಪ್ಪ ಎಲ್ಲಾರ ಇದ್ದದಾ?”

“ಇಲ್ಲ ಅತ್ತೆ.”

ಆಮೇಲೆ ಅವರ ಬೆರಳು ಅಂಗಳಕ್ಕೆ ಬಂತು. ರಂಗೋಲಿಯ ಎಳೆಗಳ ಮೇಲೆ ನಿಧಾನವಾಗಿ ಹರಿದು, ಬಗ್ಗಿದ ಬೆನ್ನಿನ ಹತ್ತಿರ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

“ಕುಂತಿರೋದು ಅಂಗೇ. ನಮ್ಮವ್ವ ಇಂಗೇ ಕುಂತ್ಕತಿದ್ಲು,” ಎಂದರು. ಮತ್ತೆ ಬಾಗಿ ನೋಡಿ, “ಮುಖ ಮಾತ್ರ ನಮ್ಮವ್ವನದಲ್ಲ. ಯಾರು ಇವ್ಳು?” ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. “ನಮ್ಮವ್ವ ಅತ್ತೆ. ಗೊತ್ತಿಲ್ಲದೆ ಬಂದುಬಿಟ್ಟಿದೆ. ಬೇರೆ ಬರೆದುಕೊಡುತ್ತೇನೆ,” ಎಂದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನನ್ನನ್ನು ಒಮ್ಮೆ, ಚಿತ್ರವನ್ನು ಒಮ್ಮೆ ನೋಡಿದರು.

“ಯಾಕ್ ಬರಿತೀಯ? ಮನೆ ಇಷ್ಟು ವರ್ಸದಿಂದ ಖಾಲಿ ಬಿದ್ದಿತ್ತು. ನಿಮ್ಮವ್ವ ಇದ್ಕಳ್ಲಿ ಬುಡು.”

ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆವು. ಬಂದವರಿಗೆಲ್ಲ ಅತ್ತೆ ಮನೆ ತೋರಿಸುವಂತೆ ಅದನ್ನು ತೋರಿಸುತ್ತಿದ್ದರು. ಒಂದು ಸಂಜೆ ನಮ್ಮ ಹೆಡ್‌ಮಿಸ್ಟ್ರೆಸ್ ಅತ್ತೆಯ ಆರೋಗ್ಯ ವಿಚಾರಿಸಲು ಬಂದರು. ಚಿತ್ರದ ಮುಂದೆ ನಿಂತವರು ಕೂರಲೇ ಇಲ್ಲ. ಇದನ್ನು ಶಾಲೆಯ ಹಾಲಿನಲ್ಲಿ ಹಾಕೋಣ, ಇಲ್ಲಿದ್ದರೆ ನಾಲ್ಕು ಜನ ನೋಡುತ್ತಾರೆ, ಅಲ್ಲಾದರೆ ನೂರಾರು ಮಕ್ಕಳಿಗೆ ಪ್ರಯೋಜನ ಎಂದರು. ಹೊಗಳಿಕೆಗೆ ಬಲುಬೇಗ ಕರಗುವ ನಾನು ಆಗಲೇ ಮೊಳೆಯ ಕಡೆ ಕೈ ಚಾಚಿದ್ದೆ.

“ತೆಗಿಬ್ಯಾಡ ಮಗ,” ಎಂದರು ಅತ್ತೆ. ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, “ತೆಪ್ಪು ತಿಳ್ಕಬ್ಯಾಡಿ ಕಣ್ರವ್ವ. ನೂರಾರು ಜನಕ್ಕೆ ಒಳ್ಳೇದಾಯ್ತದೆ ಅಂತ ಒಂದ್ಸಲ ಆ ಮನೆ ಬುಟ್ಕೊಟ್ಟಿವಿ. ಇನ್ನೊಂದ್ಸಲ ಆಗಾಕಿಲ್ಲ,” ಎಂದರು.

ಹೆಡ್‌ಮಿಸ್ಟ್ರೆಸ್ ನಕ್ಕು, ಕೂತು ಕಾಫಿ ಕುಡಿದರು. ಅವರು ಚಪ್ಪಲಿ ಮೆಟ್ಟಿ ಹೊರಟಾಗ ಅತ್ತೆಗೆ ಏನನ್ನಿಸಿತೋ, ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದು ಕೂಗಿ ಹೇಳಿದರು:

“ಬೇಕಾದ್ರೆ ಮಕ್ಕಳ್ನ ಇಲ್ಲಿಗೇ ಕಳ್ಸಿ ಕಣ್ರವ್ವ. ಕಾಲು ತೊಳ್ಕಂಡು ಬರಾಕೇಳಿ, ಅಂಗಳ ಈಗ್ತಾನೆ ಸಾರ್ಸದೆ.”